ಕರೆಂಟ್ ಹೋದ ದಿನ ಮಗ ಬೆರಳು ತೋರಿಸಿದ

ಕಳೆದ ತಿಂಗಳು ಹಾಸನದ ಒಂದು ಬಿ.ಎಡ್ ಕಾಲೇಜಿನಲ್ಲಿ ಮಾತಾಡಿದ್ದು ಇದು. ಅಲ್ಲಿನ ಹುಡುಗಿಯೊಬ್ಬಳು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡು, ಕೂತು ಟೈಪ್ ಮಾಡಿ ಕಳಿಸಿದಳು. ಅದನ್ನೇ ಸ್ವಲ್ಪ ಸರಿಮಾಡಿದ್ದೇನೆ. ಮಧ್ಯೆ ಎರಡು ಸಲ ಮೈಕ್ ಕೈಕೊಟ್ಟಿದ್ದನ್ನು ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟ ಮೇಡಂ ನನ್ನನ್ನು "ವಿಶೇಷ ಮಗುವಿನ ಧೈರ್ಯವಂತ ತಾಯಿ" ಅಂದರು. ಅವರ ಪ್ರೀತಿ ದೊಡ್ಡದು. ಆದರೆ ನಾನು ಗೋಡೆ ಮೇಲೆ ಹಲ್ಲಿ ಕಂಡರೆ ಆಚೆ ರೂಮಿಗೆ ಓಡುವವಳು. ಧೈರ್ಯದ ವಿಷಯ ಬಿಡೋಣ. ನನ್ನ ಮಗನಿಗೆ ಈಗ 14 ವರ್ಷ. ಆಟಿಸಂ ಇದೆ, ಅಂದರೆ ಮಾತು, ಜನರ ಜೊತೆ ಬೆರೆಯುವ ರೀತಿ ಬೇರೆ ಥರ ಬೆಳೆಯುವ ಸ್ಥಿತಿ. ಮಾತು ಬರುವುದಿಲ್ಲ, ಅಂದರೆ ಬಾಯಿಂದ ಬರುವುದಿಲ್ಲ. ರಾಗಿ ರೊಟ್ಟಿ ಇಷ್ಟ, ಕುಕ್ಕರ್ ಕೂಗಿದರೆ ಆಗುವುದಿಲ್ಲ, ಹಿಟ್ಟಿನ ಮಿಲ್ಲು ಅಂದರೆ ಪ್ರಾಣ. ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ನಿಮ್ಮ ಪ್ರಿನ್ಸಿಪಾಲರು ಫೋನ್ ಮಾಡಿದಾಗ "ನಿಮ್ಮ ಕಷ್ಟ ಸುಖ ಹೇಳಿ ಸಾಕು" ಅಂದಿದ್ದರು. ಕಷ್ಟ ಹೇಳುವುದು ಸುಲಭ. ಕೇಳೋಕೆ ಜನ ಸಿಗುತ್ತಾರೆ. ಬಸ್ಸಲ್ಲಿ ಪಕ್ಕ ಕೂತವರು ಕೂಡ "ಅಯ್ಯೋ ಪಾಪ" ಅಂದು ಪೂರ್ತಿ ಕತೆ ಕೇಳುತ್ತಾರೆ. ನಾನು ನಿಜವಾಗಿ ಒಂಟಿ ಅನ್ನಿಸಿದ್ದು ಸುಖ ಹೇಳೋಕೆ ಹೋದಾಗ. ಅದು ಹೇಗೆ ಅಂತ ಮುಂದೆ ಬರುತ್ತೆ, ಸ್ವಲ್ಪ ತಡೀರಿ.

2014ರ ಮಾತು. ಮಗನಿಗೆ ಮೂರು ವರ್ಷ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಕೇಳಿಸಲ್ಲವೇನೋ ಅಂದುಕೊಂಡರೆ, ಆಚೆ ರೂಮಲ್ಲಿ ಬಿಸ್ಕತ್ ಪ್ಯಾಕೆಟ್ ಸರಕ್ ಅಂದರೂ ಓಡಿ ಬರುತ್ತಿದ್ದ. ನೀರು ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ನನ್ನ ಕೈಯನ್ನೇ ಎತ್ತಿ ಫಿಲ್ಟರಿನ ನಲ್ಲಿ ಮೇಲೆ ಇಡುತ್ತಿದ್ದ. ಮುಖ ನೋಡುತ್ತಿರಲಿಲ್ಲ. ನಾವು ಸ್ಪ್ಯಾನರ್ ತಗೊಂಡು ನಟ್ಟು ಬಿಚ್ಚುವಾಗ ಸ್ಪ್ಯಾನರಿನ ಮುಖ ನೋಡ್ತೀವಾ? ಹಾಗೆ. ನಾನು ಅವನ ಸ್ಪ್ಯಾನರ್ ಆಗಿದ್ದೆ.

ನಿಮ್ಮ ಮನೇಲಿ ಒಂದು ಒಂದೂಕಾಲು ವರ್ಷದ ಪಾಪು ಇದ್ದರೆ ಇವತ್ತು ಹೋಗಿ ಗಮನಿಸಿ. ಕಾಂಪೌಂಡ್ ಮೇಲೆ ಕಾಗೆ ಕಂಡರೆ ಬೆರಳು ತೋರಿಸುತ್ತೆ. ತೋರಿಸಿ, ತಿರುಗಿ ನಿಮ್ಮ ಮುಖ ನೋಡುತ್ತೆ. ಅದಕ್ಕೆ ಕಾಗೆ ಬೇಕಾಗಿಲ್ಲ. ನೀನೂ ನೋಡಿದೆಯಾ ಅಂತ ಕೇಳುತ್ತಿರುತ್ತೆ ಅಷ್ಟೆ. ಮಾತಿಗಿಂತ ಮುಂಚೆ ಬರುವ ಮಾತು ಅದು. ಒಂದೂವರೆ ವರ್ಷ ಆದರೂ ಅದು ಬಂದಿಲ್ಲ ಅಂದರೆ, ಗಂಡುಮಕ್ಕಳು ಯಾವಾಗಲೂ ಲೇಟು ಅಂದುಕೊಂಡು ಸುಮ್ನೆ ಕೂರಬೇಡಿ, ಯಾರಿಗಾದರೂ ತೋರಿಸಿ. ನಾವು ಕೂತೆವು. ಅವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟಿದ್ದು ಅಂತ ಅತ್ತೆ ಅಂದರು. ನಾಲಿಗೆಗೆ ಬಜೆ ತೇಯ್ದು ಹಚ್ಚಿದೆವು. ಗಿಳಿ ಕಚ್ಚಿದ ಸೀಬೆಹಣ್ಣು ತಿನ್ನಿಸಿದರೆ ಮಾತು ಬರುತ್ತೆ ಅಂತ ಯಾರೋ ಹೇಳಿದರು, ನಮ್ಮ ಮಾವ ಒಂದು ವಾರ ತೋಟದಲ್ಲಿ ಕುರ್ಚಿ ಹಾಕಿಕೊಂಡು ಗಿಳಿ ಕಾದರು. ನಗಿ, ಪರವಾಗಿಲ್ಲ. ನಾವೂ ಈಗ ನಗುತ್ತೇವೆ. ಕೊನೆಗೆ ಅವರು ತಂದ ಹಣ್ಣು ಅಳಿಲು ಕಚ್ಚಿದ್ದು ಅಂತ ನನಗೆ ಇವತ್ತಿಗೂ ಅನುಮಾನ.

ಆಮೇಲೆ ಮೈಸೂರು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಆಟೋದವರಿಗೆ ಅಷ್ಟುದ್ದದ ಹೆಸರು ಹೇಳಬೇಡಿ, "ಸ್ಪೀಚ್ ಅಂಡ್ ಹಿಯರಿಂಗ್" ಅನ್ನಿ, ಬಿಡುತ್ತಾರೆ. ಅಲ್ಲಿ ಎರಡು ಮೂರು ದಿನ ನೋಡಿ, ನಮಗೆ ನೀರು ಕೊಟ್ಟು, ನಿಧಾನವಾಗಿ ಹೇಳಿದರು. ಆಟಿಸಂ. ಹೊಸ ಪದ. ಊರಿಗೆ ಬಂದು ಅತ್ತೆಯ ಗೆಳತಿಗೆ ಹೇಳಿದರೆ "ಆರ್ಟಿಸಮ್ಮಾ? ಒಳ್ಳೇದಾಯ್ತು ಬಿಡಮ್ಮ, ಡ್ರಾಯಿಂಗ್ ಕ್ಲಾಸಿಗೆ ಸೇರಿಸು" ಅಂದರು. ಇಡೀ ತಿಂಗಳಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಯಾರದು ತಪ್ಪು ಅನ್ನುವ ಪ್ರಶ್ನೆ ಮಾತ್ರ ಬಿಡಲಿಲ್ಲ. ನಾನು ಕೆಲಸಕ್ಕೆ ಹೋಗುತ್ತಿದ್ದೆ, ಟಿವಿ ಹಾಕಿ ಊಟ ಮಾಡಿಸುತ್ತಿದ್ದೆ, ಬಸುರಿಯಲ್ಲಿ ಗ್ರಹಣದ ದಿನ ಆಚೆ ಹೋಗಿದ್ದೆ. ಪಟ್ಟಿ ಉದ್ದ ಇತ್ತು, ಎಲ್ಲಾ ನನ್ನ ಹೆಸರಲ್ಲೇ. ಇದು ನಮ್ಮೂರಿನ ಗುಣ ಮಾತ್ರ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಅನ್ನುವ ಡಾಕ್ಟರು 11 ಮಕ್ಕಳನ್ನು ನೋಡಿ ಇದರ ಬಗ್ಗೆ ಬರೆದ ಮೇಲೆ, ಅಲ್ಲಿಯ ದೊಡ್ಡ ದೊಡ್ಡ ಡಾಕ್ಟರುಗಳೇ ಎಷ್ಟೋ ವರ್ಷ ತಾಯಿಗೆ ಪ್ರೀತಿ ಕಮ್ಮಿ ಇದ್ದುದಕ್ಕೆ ಮಗು ಹೀಗಾಗಿದೆ ಅಂತ ಹೇಳಿಕೊಂಡು ಬಂದರಂತೆ. ಫ್ರಿಜ್ಜಿನಂಥ ತಣ್ಣನೆ ತಾಯಿ ಅಂತ ಅದಕ್ಕೊಂದು ಹೆಸರು ಬೇರೆ. ಅದು ಸುಳ್ಳು ಅಂತ 1964ರಲ್ಲಿ ಪುಸ್ತಕ ಬರೆದು ಗಟ್ಟಿಯಾಗಿ ಹೇಳಿದವರು ಬರ್ನಾರ್ಡ್ ರಿಮ್ಲ್ಯಾಂಡ್. ಮನಶ್ಶಾಸ್ತ್ರ ಓದಿದವರು, ಆದರೆ ಅವರ ಮಗನಿಗೂ ಆಟಿಸಂ ಇತ್ತು. ಮನೆಯಲ್ಲಿ ಹೆಂಡತಿ ಮಗುವನ್ನು ಹೇಗೆ ನೋಡಿಕೊಳ್ಳುತ್ತಾಳೆ ಅಂತ ಅವರು ದಿನಾ ಕಾಣುತ್ತಿದ್ದರಲ್ಲ. ಈ ವಿಷಯ ಓದಿದ ದಿನ ನಾನು ಗಡದ್ದಾಗಿ ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ.

ಮೈಸೂರಲ್ಲಿ ಎರಡು ವರ್ಷ ಇದ್ದೆವು. ಇದ್ದೆವು ಅಂದರೆ ನಾನು ಮತ್ತು ಮಗ, ಸಂಸ್ಥೆ ಹತ್ತಿರ ಒಂದು ರೂಮು, ಅಡುಗೆಗೆ ಒಂದು ಮೂಲೆ. ನಮ್ಮನೆಯವರು ಹಾಸನದಲ್ಲಿ, ಶನಿವಾರ ಸಂಜೆ ಬಸ್ಸಿಗೆ ಬರುವರು. ಕೆಲಸ ಬಿಟ್ಟೆ. ಅಲ್ಲಿ ಮಕ್ಕಳ ಜೊತೆ ತಾಯಂದಿರೂ ಕೂತು ಕಲಿಯಬೇಕು. ಕೇರಳದವರು, ಆಂಧ್ರದವರು, ಜಾರ್ಖಂಡಿನಿಂದ ಬಂದವರು, ಎಲ್ಲರ ಬ್ಯಾಗಲ್ಲೂ ಅದೇ ಸಾಮಾನು: ಎಕ್ಸ್‌ಟ್ರಾ ಚಡ್ಡಿ, ಬಿಸ್ಕತ್ತು, ಗುಳ್ಳೆ ಊದುವ ಸೋಪಿನ ಬಾಟಲಿ. ಕಣ್ಣೂರಿನ ಕಡೆಯ ಒಬ್ಬಳು ನನ್ನ ಪಕ್ಕ ಕೂರುತ್ತಿದ್ದಳು. ಅವಳಿಗೆ ಕನ್ನಡ ಬರಲ್ಲ, ನನಗೆ ಮಲಯಾಳಂ ಬರಲ್ಲ, ಇಬ್ಬರ ಹಿಂದಿಯೂ ದೇವರಿಗೇ ಪ್ರೀತಿ. ಆದರೂ ಕಾರಿಡಾರಿನಲ್ಲಿ ಒಂದು ಗಂಟೆ ಮಾತಾಡುತ್ತಿದ್ದೆವು. ಅಲ್ಲಿ ಮಗು ನೆಲದ ಮೇಲೆ ಬಿದ್ದು ಕಿರುಚಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬಿಸಿನೀರಿನ ಫ್ಲಾಸ್ಕನ್ನು ಆ ಕಡೆ ಸರಿಸಿ ಮಾತು ಮುಂದುವರಿಸುತ್ತಿದ್ದರು ಅಷ್ಟೆ. ಯಾರೂ ನೋಡದೇ ಇರುವುದು ಎಷ್ಟು ದೊಡ್ಡ ಸುಖ ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

ಯಾಕಂದರೆ ಆಚೆ ಎಲ್ಲರೂ ನೋಡುತ್ತಾರೆ. ನಮ್ಮ ಚಿಕ್ಕಪ್ಪನ ಮಗಳ ಮದುವೆ, ಚೌಲ್ಟ್ರಿ ತುಂಬ ಜನ. ಮುಹೂರ್ತಕ್ಕೆ ಗಟ್ಟಿಮೇಳ ಶುರುವಾಯಿತು. ಇವನು ಎರಡೂ ಕಿವಿ ಮುಚ್ಚಿಕೊಂಡು, ಕುರ್ಚಿ ಕೆಳಗೆ ನುಗ್ಗಿ, ತಲೆ ನೆಲಕ್ಕೆ ಹೊಡೆದುಕೊಳ್ಳುತ್ತಿದ್ದಾನೆ. ನನ್ನ ಕೈಯಲ್ಲಿ ಅಕ್ಷತೆ. ಅಕ್ಷತೆ ಹಾಕಲಾ, ಇವನನ್ನು ಹಿಡಿಯಲಾ? ಸುತ್ತ ಒಂದು ಐವತ್ತು ಮುಖ ಮದುಮಕ್ಕಳನ್ನು ಬಿಟ್ಟು ನಮ್ಮ ಕಡೆ ತಿರುಗಿದವು. ಒಬ್ಬರು "ಎರಡು ಕೊಡಿ, ಸರಿಹೋಗ್ತಾನೆ" ಅಂದರು. ಇನ್ನೊಬ್ಬರು ತುಂಬಾ ಪ್ರೀತಿಯಿಂದ "ಇಂಥವನ್ನ ಯಾಕಮ್ಮ ಕರ್ಕೊಂಡು ಬರ್ತೀಯಾ" ಅಂದರು. ನಾನು ಅವನನ್ನು ಹೊತ್ತುಕೊಂಡು ಹೋಗಿ ಪಾತ್ರೆ ತೊಳೆಯುವ ಹಿತ್ತಲಲ್ಲಿ ಕೂತೆ. ಅಡುಗೆ ಭಟ್ಟರ ಹುಡುಗ ಒಬ್ಬ ಏನೂ ಕೇಳದೆ ಒಂದು ಎಲೆ ಹಾಕಿ ಇಬ್ಬರಿಗೂ ಅಲ್ಲೇ ಬಡಿಸಿದ. ಆ ಹುಡುಗನ ಮುಖ ನನಗೆ ಇನ್ನೂ ನೆನಪಿದೆ. ಮದುಮಗನ ಮುಖ ನೆನಪಿಲ್ಲ.

ಆಮೇಲೆ ಕರೆಯೋಲೆಗಳು ಕಮ್ಮಿಯಾದವು. ಯಾರೂ ಜಗಳ ಆಡಲಿಲ್ಲ, ಯಾರೂ ಕೆಟ್ಟವರಲ್ಲ. "ಪಾಪ, ಅವಳಿಗೆ ಯಾಕೆ ತೊಂದರೆ" ಅಂತ ಬಿಟ್ಟರು. ಕರೆಯದೇ ಇರುವುದನ್ನೇ ಉಪಕಾರ ಅಂದುಕೊಂಡರು. ನನಗೆ ಇದು ತುಂಬಾ ದಿನ ಅರ್ಥವಾಗಲಿಲ್ಲ, ಸ್ಟೇಟಸ್‌ಗಳಲ್ಲಿ ಫೋಟೋ ನೋಡಿ ಓ ಸೀಮಂತ ಆಯ್ತಾ, ಓ ಗೃಹಪ್ರವೇಶ ಆಯ್ತಾ ಅಂತ ತಿಳಿದುಕೊಳ್ಳುತ್ತಿದ್ದೆ. ಕರೀರಿ ಮಾರಾಯ್ರೇ. ಬರೋದು ಬಿಡೋದು ನಮಗೆ ಬಿಡಿ.

ಶಾಲೆ ಕತೆ ಬೇಗ ಮುಗಿಸುತ್ತೇನೆ, ನೀವೆಲ್ಲ ನಾಳೆ ಮೇಷ್ಟ್ರು ಮೇಡಂ ಆಗುವವರು ಅಂತ ಹೇಳಲೇಬೇಕು. ಒಂದು ಶಾಲೆಯಲ್ಲಿ ಸೇರಿಸಿಕೊಂಡು, ನಾಲ್ಕು ತಿಂಗಳಾದ ಮೇಲೆ "ಬೇರೆ ಪೇರೆಂಟ್ಸ್ ಕಂಪ್ಲೇಂಟ್ ಮಾಡ್ತಿದಾರೆ" ಅಂತ ಫೀಸು ವಾಪಸ್ ಕೊಟ್ಟರು. ಕವರಲ್ಲಿ ಹಾಕಿ, ಮರ್ಯಾದೆಯಾಗಿಯೇ ಕೊಟ್ಟರು. ಹಾಗೆ ಮಾಡುವಂತಿಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ಅಂಗವಿಕಲರಿಗಾಗಿ ಮಾಡಿದ 1995ರ ಕಾಯ್ದೆಯಲ್ಲಿ ಆಟಿಸಂ ಅನ್ನುವ ಹೆಸರೇ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿಸಿದರು, ಅದರಲ್ಲಿ ಇದೂ ಬಂತು. ಸರ್ಕಾರದ ಮಾನ್ಯತೆ ಇರುವ ಶಾಲೆ ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು. ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಹತ್ತಿರದ ಶಾಲೆಯಲ್ಲಾದರೂ ಸರಿ, ವಿಶೇಷ ಶಾಲೆಯಲ್ಲಾದರೂ ಸರಿ. ಇದನ್ನು ಅಪ್ಪ ಅಮ್ಮಂದಿರಿಗೆ ಹೇಳುವವರು ನೀವೇ ಆಗಬೇಕು, ಬೇರೆ ಯಾರೂ ಹೇಳಲ್ಲ.

ಆ ಪರ್ಸೆಂಟಿನ ಕತೆಯೂ ಇದೆ. 2018ರಲ್ಲಿ ಸರ್ಟಿಫಿಕೇಟಿಗೆ ಹೋದೆವು. 40 ಪ್ರಶ್ನೆಗಳ ಒಂದು ಅಳತೆ, ಒಂದೊಂದಕ್ಕೆ 1ರಿಂದ 5ರವರೆಗೆ ಅಂಕ. ಮೊದಲನೆಯದೇ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನಾ ಅನ್ನುವುದು. ನಾನು ಉತ್ತರ ಹೇಳುತ್ತಾ ಹೋದೆ. ಮಧ್ಯದಲ್ಲಿ ಎಲ್ಲೋ ಗಂಟಲು ಕಟ್ಟಿತು. ಅಂಕ ಜಾಸ್ತಿ ಬಂದರೆ ಬಸ್ ಪಾಸು ಬರುತ್ತೆ, ನಿರಾಮಯ ಅನ್ನುವ 1 ಲಕ್ಷದ ಆರೋಗ್ಯ ವಿಮೆ ಮಾಡಿಸಬಹುದು. ಕಮ್ಮಿ ಬಂದರೆ ನನ್ನ ಮಗ ಪರವಾಗಿಲ್ಲ ಅಂತ ಆಯಿತು. ಯಾವುದು ಬರಲಿ ಅಂತ ಬೇಡಿಕೊಳ್ಳಬೇಕು? ಯಾವ ಪ್ರಶ್ನೆಗೂ ಸುಳ್ಳು ಹೇಳಲಿಲ್ಲ, ಆದರೆ ಕೆಲವಕ್ಕೆ "ಈಗೀಗ ಸ್ವಲ್ಪ ಸುಧಾರಿಸಿದ್ದಾನೆ" ಅಂತ ಸೇರಿಸುತ್ತಿದ್ದೆ. ಪಕ್ಕದಲ್ಲಿ ನಮ್ಮನೆಯವರು ಸಣ್ಣಗೆ ಕಾಲು ತುಳಿಯುತ್ತಿದ್ದರು. 70 ಪರ್ಸೆಂಟ್ ಬಂತು. ಆಚೆ ಬೆಂಚಿನ ಮೇಲೆ ಕೂತವರು "ನಿಮ್ಮದೆಷ್ಟು, ನಿಮ್ಮದೆಷ್ಟು" ಅಂತ ಕೇಳುತ್ತಿದ್ದರು, ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನದ ಹಾಗೆ. ನಾನು ಎಪ್ಪತ್ತು ಅಂದೆ. ಒಬ್ಬಾಕೆ "ಒಳ್ಳೇದಾಯ್ತು" ಅಂದಳು. ಅವಳದ್ದು ಸರಿಯಾದ ಮಾತೇ.

ಈಗ ಮಿಲ್ಲಿಗೆ ಬರುತ್ತೇನೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಹಿಟ್ಟಿನ ಮಿಲ್ಲಿದೆ. ಹಳೇ ಕಾಲದ್ದು. ಮೋಟಾರಿನಿಂದ ಕಲ್ಲಿನವರೆಗೆ ಉದ್ದನೆಯ ಬೆಲ್ಟು. ಬೆಲ್ಟಿನಲ್ಲಿ ಒಂದು ಕಡೆ ಜೋಡಿಸಿರುವ ಕಬ್ಬಿಣದ ಕ್ಲಿಪ್ಪು, ಅದು ಚಕ್ರದ ಮೇಲೆ ಬಂದಾಗಲೆಲ್ಲ ಟಕ್ ಅನ್ನುತ್ತೆ. ಕೆಳಗೆ ಬಟ್ಟೆಯ ಸೊಂಡಿಲು, ಅದರೊಳಗಿಂದ ಹಿಟ್ಟು ಬಿಸಿಬಿಸಿಯಾಗಿ ಡಬ್ಬಕ್ಕೆ ಬೀಳುತ್ತೆ. ನನ್ನ ಮಗ ಅದರ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾನೆ. ಒಂದು ಕುಕ್ಕರಿಗೆ ಮನೆ ಬಿಟ್ಟು ಓಡುವವನು ಅಷ್ಟು ಸದ್ದಲ್ಲಿ ಹೇಗೆ ನಿಲ್ಲುತ್ತಾನೆ ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ನನಗನ್ನಿಸುವುದು, ಕುಕ್ಕರ್ ಯಾವಾಗ ಕೂಗುತ್ತೆ ಅಂತ ಹೇಳೋಕಾಗಲ್ಲ. ಮಿಲ್ಲು ಮೋಸ ಮಾಡಲ್ಲ. ಟಕ್ ಆದ ಮೇಲೆ ಮತ್ತೆ ಟಕ್ ಬಂದೇ ಬರುತ್ತೆ. ಮತ್ತೆ ಅಲ್ಲಿ ಇವನು ಕೂಗಿದರೂ, ಕೈ ಪಟಪಟ ಆಡಿಸಿದರೂ ಯಾರಿಗೂ ಕೇಳಲ್ಲ, ಕೇಳಿದರೂ ಮಿಲ್ಲಿನ ಅಣ್ಣನಿಗೆ ಲೆಕ್ಕವೇ ಇಲ್ಲ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಒಂದು ಕೋಲಲ್ಲಿ ಮೇಲಿನ ಬುಟ್ಟಿ ತಟ್ಟುತ್ತಾ ನಿಂತಿರುತ್ತಾರೆ.

2017, ಮಗನಿಗೆ ಆರು ವರ್ಷ. ಮೈಸೂರಲ್ಲಿ ಎರಡು ವರ್ಷ ನಾವು ಬೆರಳು ತೋರಿಸುವುದನ್ನು ಕಲಿಸಿದ್ದೆವು. ಬಿಸ್ಕತ್ ದೂರ ಇಟ್ಟು, ಅವನ ತೋರುಬೆರಳು ಹಿಡಿದು, ದಿನಕ್ಕೆ ಇಷ್ಟು ಸಲ ಅಂತ. ಬೆರಳನ್ನು ನನ್ನ ಕೈಗೆ ಕೊಟ್ಟು ಅವನು ಫ್ಯಾನ್ ನೋಡುತ್ತಿದ್ದ. ಅವತ್ತು ರಾಗಿ ಬೀಸಿಸೋಕೆ ಹೋಗಿದ್ದೆವು. ಅರ್ಧ ಬೀಸಿತ್ತು, ಕರೆಂಟ್ ಹೋಯಿತು. ಬೆಲ್ಟು ನಿಧಾನ ಆಗಿ, ಇನ್ನೂ ನಿಧಾನ ಆಗಿ, ನಿಂತಿತು. ಟಕ್ ಇಲ್ಲ. ಸರಿ, ಈಗ ಕಿರುಚುತ್ತಾನೆ ಅಂತ ನಾನು ಸೆರಗು ಸಿಕ್ಕಿಸಿಕೊಂಡು ರೆಡಿಯಾದೆ. ಅವನು ಕಿರುಚಲಿಲ್ಲ. ಬಲಗೈ ಎತ್ತಿ, ಬೆರಳು ನೆಟ್ಟಗೆ ಕೂಡ ಇಲ್ಲ, ಮೂರು ಬೆರಳು ಅರ್ಧಂಬರ್ಧ ಬಿಚ್ಚಿ, ಚಕ್ರ ತೋರಿಸಿದ. ತೋರಿಸಿ ತಿರುಗಿ ನನ್ನ ಮುಖ ನೋಡಿದ. ನನ್ನ ಕೈಯನ್ನಲ್ಲ. ಮುಖ.

ಒಂದು ಸೆಕೆಂಡೋ ಎರಡು ಸೆಕೆಂಡೋ. ಆಮೇಲೆ ಮತ್ತೆ ಚಕ್ರದ ಕಡೆ ತಿರುಗಿದ. ನಾನು ಅಲ್ಲೇ ರಾಗಿ ಚೀಲದ ಮೇಲೆ ಕೂತುಬಿಟ್ಟೆ. ಅಳು ತಡೆಯಲಿಲ್ಲ. ಮಿಲ್ಲಿನ ಅಣ್ಣ ಗಾಬರಿಯಾಗಿ "ಯಾಕಕ್ಕ ಅಳ್ತೀರಾ? ಕರೆಂಟ್ ಈಗ ಬರುತ್ತೆ ಬಿಡಿ" ಅಂದರು.

ಆಗ ಫೋನ್ ತೆಗೆದೆ. ನಮ್ಮನೆಯವರಿಗೆ ಮಾಡಿದೆ, ಮೀಟಿಂಗಲ್ಲಿದ್ದರು, ಕಟ್ ಮಾಡಿದರು. ತಂಗಿಗೆ ಮಾಡಿದೆ. "ಬೆರಳು ತೋರಿಸಿದ ಕಣೇ!" "ಯಾರಿಗೆ?" "ಯಾರಿಗೂ ಅಲ್ಲ, ಚಕ್ರಕ್ಕೆ." "ಓ. ಒಳ್ಳೇದಲ್ವಾ. ಊಟ ಆಯ್ತಾ?" ಅವಳು ಒಳ್ಳೆಯವಳು. ಆ ವಾರ ಅವಳ ಮಗಳಿಗೆ ಅಬ್ಯಾಕಸ್ಸಿನಲ್ಲಿ ಪ್ರೈಜ್ ಬಂದಿತ್ತು, ಅದನ್ನು ಹೇಳಿದಳು, ನಾನೂ ಖುಷಿ ಪಟ್ಟೆ. ಆದರೆ ಫೋನ್ ಇಟ್ಟ ಮೇಲೆ ಬಂತಲ್ಲ ಆ ಒಂಟಿತನ, ಚೌಲ್ಟ್ರಿಯ ಹಿತ್ತಲಲ್ಲೂ ಬಂದಿರಲಿಲ್ಲ. ಆರು ವರ್ಷದ ಹುಡುಗ ಬೆರಳು ತೋರಿಸಿದ ಅಂದರೆ ಅದು ಸುದ್ದಿ ಅಂತ ಯಾರಿಗೆ ಅನ್ನಿಸುತ್ತೆ? ಅವರಿಗೆ ವಿವರಿಸಬೇಕು ಅಂದರೆ ಮೊದಲು ಅವನಿಗೆ ಏನೇನು ಬರಲ್ಲ ಅಂತ ಪೂರ್ತಿ ಹೇಳಬೇಕು. ಅಷ್ಟು ಹೇಳುವಷ್ಟರಲ್ಲಿ ಕೇಳುವವರ ಮುಖ ಸಪ್ಪಗಾಗಿರುತ್ತೆ, ನನ್ನ ಸುಖ ಮತ್ತೆ "ಅಯ್ಯೋ ಪಾಪ"ಕ್ಕೇ ಹೋಗಿ ನಿಲ್ಲುತ್ತೆ.

ಆಮೇಲೆ ನೆನಪಾಯಿತು. ಕಣ್ಣೂರಿನವಳ ನಂಬರು. ವರ್ಷದ ಮೇಲಾಗಿತ್ತು ಮಾತಾಡಿ. ಎತ್ತಿದಳು. ನಾನು ನನ್ನ ಹಿಂದಿಯಲ್ಲಿ ಅವನು ಪಾಯಿಂಟ್ ಮಾಡಿದ, ಮಾಡಿ ನನ್ನ ಮುಖ ನೋಡಿದ ಅಂದೆ. ಆ ಕಡೆ ಸದ್ದಿಲ್ಲ. ಆಮೇಲೆ "ಮುಖ? ಮುಖ?" ಅಂತ ಎರಡು ಸಲ ಕೇಳಿದಳು. ಮುಖ ಅನ್ನುವ ಪದ ಇಬ್ಬರ ಭಾಷೆಯಲ್ಲೂ ಹೆಚ್ಚು ಕಮ್ಮಿ ಒಂದೇ ನೋಡಿ. ಹೌದು ಮುಖ ಅಂದೆ. ಅವಳು ಅಲ್ಲಿ ಅಳ್ತಾ ಇದ್ದಾಳೆ, ನಾನು ಇಲ್ಲಿ. ಅಷ್ಟರಲ್ಲಿ ಕರೆಂಟ್ ಬಂತು, ಮಿಲ್ಲು ಶುರುವಾಯಿತು, ಒಂದಕ್ಷರ ಕೇಳಿಸಲಿಲ್ಲ. ಆದರೂ ಇಬ್ಬರೂ ಫೋನ್ ಇಡಲಿಲ್ಲ.

ಇಂಥ ಸುಖಗಳು ನಮ್ಮ ಮನೆಯಲ್ಲಿ ಬೇಕಾದಷ್ಟಿವೆ. ಯಾರ ಮನೆಗೆ ಹೋದರೂ ಬಾಗಿಲಲ್ಲಿರುವ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಡುತ್ತಾನೆ. ಒಂದು ಸತ್ಯನಾರಾಯಣ ಪೂಜೆಯಲ್ಲಿ ಎಲ್ಲರೂ ಕತೆ ಕೇಳುತ್ತಿದ್ದಾಗ ಎಷ್ಟೋ ಜೊತೆ ಚಪ್ಪಲಿ ಜೋಡಿಸಿದ್ದ, ಒಬ್ಬ ಅಜ್ಜಿ "ನಮ್ಮ ಮನೇಲಿ ಒಬ್ಬರಿಗೂ ಈ ಬುದ್ಧಿ ಬರಲಿಲ್ಲವಲ್ಲಪ್ಪ" ಅಂದರು. ಅದು ನನಗೆ "ದೇವರ ಮಗು" ಅನ್ನುವುದಕ್ಕಿಂತ ಎಷ್ಟೋ ಹಿತವಾಗಿ ಕೇಳಿಸಿತು. ಹಾಗಂತ ಇವನೊಳಗೆ ಯಾವುದೋ ಜೀನಿಯಸ್ ಕೂತಿದ್ದಾನೆ ಅಂತ ತಿಳಿಯಬೇಡಿ. ಕ್ಯಾಲೆಂಡರ್ ಲೆಕ್ಕ ಹೇಳಲ್ಲ, ಪಿಯಾನೋ ನುಡಿಸಲ್ಲ. ಚಪ್ಪಲಿ ಜೋಡಿಸುತ್ತಾನೆ.

ರಾತ್ರಿ ಹೊತ್ತು ಬೇರೆ ಯೋಚನೆ ಬರುತ್ತೆ. ಇನ್ನು ನಾಲ್ಕು ವರ್ಷಕ್ಕೆ ಅವನಿಗೆ 18. ಅವತ್ತಿಂದ ಕಾನೂನಿನ ಪ್ರಕಾರ ನಾವು ಅವನ ಪಾಲಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಮಿತಿಗೆ ಅರ್ಜಿ ಹಾಕಿ ನಾವೇ ನಮ್ಮ ಮಗನಿಗೆ ಪಾಲಕರಾಗಬೇಕು. ಅದು ಕಾಗದದ ಕೆಲಸ, ಆಗುತ್ತೆ. ನಮ್ಮ ನಂತರ ಯಾರು ಅನ್ನುವ ಕಾಲಮ್ಮಿಗೆ ಏನು ಬರೆಯುವುದು ಅಂತ ನಾನೂ ನಮ್ಮನೆಯವರೂ ಇನ್ನೂ ಕೂತು ಮಾತಾಡಿಲ್ಲ. ಇಬ್ಬರೂ ಎಚ್ಚರ ಇರುತ್ತೇವೆ, ಇಬ್ಬರೂ ನಿದ್ದೆ ಬಂದ ಹಾಗೆ ಮಲಗಿರುತ್ತೇವೆ.

(ಇಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು, "ನಮ್ಮ ಕ್ಲಾಸಿಗೆ ಇಂಥ ಮಗು ಬಂದರೆ ಮೊದಲು ಏನು ಮಾಡಬೇಕು ಮೇಡಂ?" ಅಂತ ಕೇಳಿದ.)

ಟ್ರೇನಿಂಗು ಏನು ಹೇಳುತ್ತೋ ಅದನ್ನು ಮಾಡಿ, ಅದು ನನಗಿಂತ ನಿಮಗೆ ಗೊತ್ತು. ನನ್ನದು ಒಂದೇ. ಡೈರಿಯಲ್ಲಿ ಬರೀ "ಇವತ್ತು ಕಚ್ಚಿದ, ಇವತ್ತು ಓಡಿದ" ಅಂತ ಬರೆದು ಕಳಿಸಬೇಡಿ. ಕಚ್ಚಿದ್ದರೆ ಬರೀರಿ, ಮುಚ್ಚಿಡಬೇಡಿ. ಅದರ ಕೆಳಗೆ, ಇವತ್ತು ನೀರಿನ ಬಾಟಲಿ ತಾನೇ ಬಿಚ್ಚಿದ ಅಂತ ಒಂದು ಸಾಲು ಬರೀರಿ. ಈಗಿನ ಶಾಲೆಯಲ್ಲಿ ಒಬ್ಬರು ಟೀಚರ್ ಇದ್ದಾರೆ, ನಾಲ್ಕು ಗಂಟೆಗೆ ಫೋನ್ ಮಾಡಿ "ಅಕ್ಕಾ, ಇವತ್ತು ಏನಾಯ್ತು ಗೊತ್ತಾ" ಅಂತಾರೆ. ಆ ದನಿಯಲ್ಲೇ ಗೊತ್ತಾಗುತ್ತೆ ಕಂಪ್ಲೇಂಟ್ ಅಲ್ಲ ಅಂತ. ಹೋದ ವಾರ ಬಸ್ಸಲ್ಲಿ ಪಕ್ಕದ ಹುಡುಗಿಗೆ ಜಾಗ ಬಿಟ್ಟು ಸರಿದು ಕೂತನಂತೆ. ಹದಿನಾಲ್ಕು ವರ್ಷದವನು ಸರಿದು ಕೂತ ಅಂತ ಅವರು ನನಗೆ ಫೋನ್ ಮಾಡಿದರು. ನಾವಿಬ್ಬರೂ ಅದರ ಬಗ್ಗೆ ಹತ್ತು ನಿಮಿಷ ಮಾತಾಡಿದೆವು.

ಸರಿ, ನನಗೆ ಹೊತ್ತಾಯಿತು. ಕಾಫಿ ಬೇಡ ಮೇಡಂ, ಬೇಜಾರು ಮಾಡ್ಕೋಬೇಡಿ. ಇವತ್ತು ಗುರುವಾರ, ನಮ್ಮ ಮಿಲ್ಲಿನ ದಿನ. ಐದೂವರೆ ಆದರೆ ಅವನು ರಾಗಿ ಡಬ್ಬ ತಂದು ಬಾಗಿಲಲ್ಲಿ ಇಟ್ಟು, ನನ್ನ ಚಪ್ಪಲಿ ಜೋಡಿ ಮಾಡಿ, ಬೀದಿ ಕಡೆ ಮುಖ ಮಾಡಿ ಇಟ್ಟಿರುತ್ತಾನೆ. ಇವತ್ತು ಚಪ್ಪಲಿ ನನ್ನ ಕಾಲಲ್ಲೇ ಇದೆ. ಹುಡುಕುತ್ತಿರುತ್ತಾನೆ.